ಲ್ಯಾಪ್‌ಟಾಪ್ ಬಂದ ಮನೆಯ ಮಕ್ಕಳಿಗೆ

ಬಸವನ ಬಾಗೇವಾಡಿ, ಮನಗೂಳಿ, ಹೂವಿನ ಹಿಪ್ಪರಗಿ ಕಡೆಯಿಂದ, ಹಿಂದೆ ನಮ್ಮದೇ ತಾಲ್ಲೂಕಿನಲ್ಲಿದ್ದ ಕೊಲ್ಹಾರ, ನಿಡಗುಂದಿ ಕಡೆಯಿಂದ ಕಾಲೇಜಿಗೆ ಬರುವ ತಮ್ಮಂದಿರೇ, ತಂಗಿಯರೇ,

ನಿಮ್ಮಲ್ಲಿ ಕೆಲವರಿಗೆ ಲ್ಯಾಪ್‌ಟಾಪ್ ಸರ್ಕಾರದಿಂದ ಬಂದಿದೆ. ಕೆಲವರಿಗೆ ಅಪ್ಪ ತೊಗರಿ ಮಾರಿದ ದುಡ್ಡಿನಲ್ಲಿ ಕೊಡಿಸಿದ್ದಾರೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಅಣ್ಣ ಹೊಸದು ತಗೊಂಡು ಹಳೆಯದನ್ನು ಕಳಿಸಿದ್ದೂ ಇದೆ. ಎಲ್ಲಿಂದಲೇ ಬರಲಿ, ಕೆಟ್ಟ ಮೇಲೆ ಬಹುಪಾಲು ನಮ್ಮಂಥ ರಿಪೇರಿ ಅಂಗಡಿಯ ಟೇಬಲ್ಲಿಗೇ ಬರುತ್ತದೆ. ತಂದವರು ಹೇಳುವ ಮಾತೂ ಒಂದೇ: "ಏನೂ ಮಾಡಿಲ್ರಿ ಸರ್, ತಾನಾ ಬಂದ್ ಆಗ್ಯಾದ."

ತಾನಾಗಿ ಬಂದ್ ಆಗಿರುವುದಿಲ್ಲ. ಹಾಗಂತ ನಿಮ್ಮ ಮೇಲೆ ಸಿಟ್ಟಿಗೆದ್ದು ಈ ಪತ್ರ ಬರೆಯುತ್ತಿಲ್ಲ. ಸರ್ಕಾರ ಹಂಚಿದ್ದನ್ನೇ ನೋಡಿ: ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಬಂತು. 2020ರ ಆರಂಭದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮೊದಲ ವರ್ಷದವರಿಗೆ ಹಂಚಿದರು. 2021ರ ಜೂನ್‌ನಲ್ಲಿ, ಕೊರೊನಾ ನಡುವೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ ಕೊಟ್ಟರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಕಾರ್ಮಿಕರ ಮಕ್ಕಳಿಗೂ ಬಂದಿವೆ. ಇಷ್ಟೆಲ್ಲ ಯಂತ್ರ ಹಳ್ಳಿಗೆ ಬಂದವು. ಹಂಚುವ ದಿನ ಭಾಷಣ ಇರುತ್ತದೆ, ಹಾರ ಇರುತ್ತದೆ, ಫೋಟೊ ಇರುತ್ತದೆ. ಮುಚ್ಚಳ ಎಲ್ಲಿ ಹಿಡಿದು ತೆಗೆಯಬೇಕು ಅಂತ ಹೇಳುವವರು ಮಾತ್ರ ಇರುವುದಿಲ್ಲ. ಅದನ್ನು ನಾನು ಹೇಳುತ್ತೇನೆ.

ನಮ್ಮ ಭಾಗದಲ್ಲಿ ಲ್ಯಾಪ್‌ಟಾಪ್ ಕೈಜಾರಿ ಬಿದ್ದು ಒಡೆಯುವುದು ನೀವು ತಿಳಿದಷ್ಟಿಲ್ಲ. ನನ್ನ ಟೇಬಲ್ಲಿಗೆ ಬರುವವು ಹೆಚ್ಚಾಗಿ ಎರಡು ಜಾಗದಲ್ಲಿ ಕೆಟ್ಟಿರುತ್ತವೆ. ಒಂದು, ಬ್ಯಾಗಿನೊಳಗೆ. ಇನ್ನೊಂದು, ತಿಜೋರಿಯೊಳಗೆ.

ಮೊದಲು ಬ್ಯಾಗು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಕಾಲೇಜಿಗೆ ಬರುವುದು ಹೆಚ್ಚಾಗಿದೆ, ಬಹಳ ಒಳ್ಳೆಯದು. ಆದರೆ ಮುಂಜಾನೆಯ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಗದ್ದಲದಲ್ಲಿ ಬೆನ್ನಿಗೆ ಹಾಕಿದ ಬ್ಯಾಗನ್ನು ಹಿಂದಿನವರು ಒತ್ತುತ್ತಾರೆ, ನೀವು ಕಂಬಿಗೆ ಒರಗುತ್ತೀರಿ. ಒಳಗೆ ಏನಿರುತ್ತದೆ? ಲ್ಯಾಪ್‌ಟಾಪ್, ಅದರ ಮೇಲೆ ಚಾರ್ಜರ್‌ನ ಇಟ್ಟಂಗಿಯಂಥ ಗಟ್ಟಿ ಡಬ್ಬಿ, ಪಕ್ಕದಲ್ಲಿ ಬುತ್ತಿ, ಸಂದಿಯಲ್ಲಿ ನೀರಿನ ಬಾಟಲಿ. ಒತ್ತಡ ಬಿದ್ದಾಗ ಚಾರ್ಜರ್‌ನ ಮೂಲೆ ಮುಚ್ಚಳದ ಬೆನ್ನಿಗೆ ಊರುತ್ತದೆ. ಆ ಮುಚ್ಚಳದ ಪ್ಲಾಸ್ಟಿಕ್ ತೆಳು, ಅದರ ಒಳಗಿನ ಪರದೆ ಇನ್ನೂ ತೆಳು. ಹೊರಗೆ ಗೀರೂ ಕಾಣುವುದಿಲ್ಲ. ತೆರೆದು ನೋಡಿದರೆ ಮಸಿ ಚೆಲ್ಲಿದಂಥ ಕಪ್ಪು ಕಲೆ, ಅಲ್ಲಿಂದ ಹೊರಟ ಬಣ್ಣದ ಗೆರೆಗಳು. ಪರದೆ ಹೋಯಿತು ಅಂತ ಅರ್ಥ. ಅದನ್ನು ಸರಿಮಾಡುವ ವಿದ್ಯೆ ಯಾರ ಬಳಿಯೂ ಇಲ್ಲ, ಬದಲಿಸಬೇಕು. ಹಳೆಯ ಯಂತ್ರವಾದರೆ ಪರದೆಯ ಖರ್ಚು ಕೇಳಿಯೇ ಬಹಳ ಮಂದಿ ಯಂತ್ರವನ್ನೇ ಬಿಟ್ಟುಬಿಡುತ್ತಾರೆ.

ಆದ್ದರಿಂದ ಚಾರ್ಜರ್‌ಗೆ ಬೇರೆ ಖಾನೆ. ಅದು ಇಲ್ಲದಿದ್ದರೆ ಅಕ್ಕ-ಅವ್ವನಿಂದ ಹಳೆಯ ಬಟ್ಟೆಯ ಚೀಲವೊಂದನ್ನು ಹೊಲಿಸಿಕೊಳ್ಳಿ, ಚಾರ್ಜರನ್ನು ಅದರಲ್ಲಿ ಹಾಕಿ ಲ್ಯಾಪ್‌ಟಾಪ್‌ನ ಅಡಿ ಮಗ್ಗುಲಿಗೆ ಬರುವಂತೆ ಇಡಿ, ಮುಚ್ಚಳದ ಮಗ್ಗುಲಿಗೆ ಬೇಡ. ಮುಚ್ಚಳದ ಮಗ್ಗುಲು ಪುಸ್ತಕದ ಕಡೆಗಿರಲಿ, ಅಡಿ ಹೊರಗಿರಲಿ. ಬಸ್ ಹತ್ತಿದ ತಕ್ಷಣ ಬ್ಯಾಗನ್ನು ಎದೆಯ ಕಡೆಗೆ ತಿರುಗಿಸಿಕೊಳ್ಳಿ. ಮೇಲಿನ ಕಂಬಿಯ ಮೇಲೆ ಇಡಬೇಡಿ, ಬ್ರೇಕ್ ಹಾಕಿದಾಗ ಅದು ಯಾರ ತಲೆಯ ಮೇಲೆ ಬೀಳುತ್ತದೋ ಹೇಳಲಾಗದು. ಡ್ರೈವರ್ ಪಕ್ಕದ ಬಾನೆಟ್ ಮೇಲೂ ಬೇಡ; ಹಳೆಯ ಬಸ್ಸಿನಲ್ಲಿ ಅದರ ಮೇಲೆ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ.

ಇನ್ನು ನೀರಿನ ಬಾಟಲಿ. ಮುಚ್ಚಳ ಎಷ್ಟೇ ಬಿಗಿ ಇರಲಿ, ಲ್ಯಾಪ್‌ಟಾಪ್ ಇರುವ ಖಾನೆಯಲ್ಲಿ ನೀರು ಬೇಡ. ಬ್ಯಾಗಿನ ಹೊರಗಡೆಯ ಜಾಳಿಗೆಯಲ್ಲಿ ಇರಲಿ. ಬುತ್ತಿಯೂ ಹಾಗೆಯೇ. ರೊಟ್ಟಿ ಏನೂ ಮಾಡುವುದಿಲ್ಲ, ಎಣ್ಣೆಗಾಯಿ ಪಲ್ಯ ಮಾಡುತ್ತದೆ. ಕೀಬೋರ್ಡಿನ ಸಂದಿಯಿಂದ ನಾನು ಶೇಂಗಾ ಚಟ್ನಿ ತೆಗೆದಿದ್ದೇನೆ. ಅದರ ಎಣ್ಣೆ ಇಳಿದ ಕೀಲಿಗಳು ಒತ್ತಿದರೆ ಮೇಲೇಳುವುದೇ ಇಲ್ಲ.

ನೀರೋ ಚಹಾವೋ ಚೆಲ್ಲಿದರೆ ಮೊದಲ ಒಂದು ನಿಮಿಷದಲ್ಲಿ ಮಾಡುವುದರ ಮೇಲೆ ಎಲ್ಲ ನಿಂತಿದೆ. ಚಾರ್ಜರ್ ಕೀಳಿ. ಪವರ್ ಗುಂಡಿಯನ್ನು ಯಂತ್ರ ಬಂದ್ ಆಗುವವರೆಗೆ ಒತ್ತಿ ಹಿಡಿಯಿರಿ, ಫೈಲ್ ಉಳಿಸುವ ಗೊಡವೆಗೆ ಹೋಗಬೇಡಿ. ತೆರೆದ ಯಂತ್ರವನ್ನು ಗುಡಾರದ ಹಾಗೆ ಬೋರಲು ನಿಲ್ಲಿಸಿ, ನೀರು ಬಂದ ದಾರಿಯಲ್ಲೇ ಇಳಿಯಲಿ. ಆಮೇಲೆ "ನೋಡೋಣ, ಚಾಲೂ ಆಗ್ತದೇನು" ಅಂತ ಗುಂಡಿ ಒತ್ತುತ್ತೀರಲ್ಲ, ಆ ಕ್ಷಣಕ್ಕೆ ಬೋರ್ಡ್ ಸುಡುತ್ತದೆ. ನೀರಷ್ಟೇ ಇದ್ದಾಗ ಉಳಿಯುತ್ತಿದ್ದ ಯಂತ್ರ ಕರೆಂಟು ಸೇರಿದ್ದಕ್ಕೆ ಹೋಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂಳುವ ಉಪಾಯವನ್ನು ಮೊಬೈಲ್ ವಿಡಿಯೊ ನೋಡಿ ಕಲಿತಿದ್ದೀರಿ. ಅಕ್ಕಿ ಒಳಗಿನ ನೀರನ್ನು ಎಳೆಯುವುದಿಲ್ಲ, ತನ್ನ ಹಿಟ್ಟನ್ನು ಮಾತ್ರ ಸಂದಿಗೆ ತುಂಬುತ್ತದೆ. ಜೋಳದ ಚೀಲದಲ್ಲಿ ಹೂತು ತಂದವರೂ ಇದ್ದಾರೆ. ಒಣಗಿಸಲು ಬಿಸಿಲಲ್ಲಿ ಇಡುವುದೂ ಬೇಡ. ಬಂದ್ ಮಾಡಿ, ಆ ದಿನವೇ ಬಿಚ್ಚಿಸಿ. ಬ್ಯಾಟರಿ ಜೋಡಿಸಿಕೊಂಡೇ ಇರುವಷ್ಟು ಹೊತ್ತೂ ಒಳಗೆ ತಾಮ್ರ ಹಸಿರುಗಟ್ಟುತ್ತಾ ಹೋಗುತ್ತದೆ. ಸಕ್ಕರೆ ಹಾಕಿದ ಚಹಾ ನೀರಿಗಿಂತ ಕೆಟ್ಟದ್ದು, ಅದು ಒಣಗಿದ ಮೇಲೂ ಅಂಟಾಗಿ ಉಳಿಯುತ್ತದೆ.

ಈಗ ಮುಚ್ಚಳದ ವಿಷಯ. ಇದನ್ನು ಸ್ವಲ್ಪ ತಡೆದು ಓದಿ, ಯಾಕೆಂದರೆ ಅಂಗಡಿಗೆ ಈ ಕೆಲಸವೂ ಬಹಳ ಬರುತ್ತದೆ. ಮುಚ್ಚಳವನ್ನು ಅಡಿಗೆ ಜೋಡಿಸುವ ಎರಡು ಕಬ್ಬಿಣದ ಹಿಂಜ್‌ಗಳಿರುತ್ತವೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಅವು ಗಟ್ಟಿ. ಆದರೆ ಅವನ್ನು ಹಿಡಿದಿರುವುದು ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಶೇಂಗಾ ಕಾಳಿಗಿಂತಲೂ ಸಣ್ಣ ಹಿತ್ತಾಳೆ ಬಿಲ್ಲೆಗಳು, ಅವುಗಳಿಗೆ ತಿರುಗಿಸಿದ ಸಣ್ಣ ಸ್ಕ್ರೂಗಳು. ನೀವು ಮುಚ್ಚಳವನ್ನು ಒಂದು ಕೈಯಲ್ಲಿ, ಬಲ ಮೂಲೆ ಹಿಡಿದು ಎತ್ತುತ್ತೀರಿ. ಎಲ್ಲ ಎಳೆತ ಬಲಗಡೆಯ ಬಿಲ್ಲೆಗಳ ಮೇಲೆ ಬೀಳುತ್ತದೆ, ಎಡಗಡೆಯದು ಸುಮ್ಮನೆ ತಿರುಚಿಕೊಳ್ಳುತ್ತದೆ. ವರ್ಷ ಕಳೆದಂತೆ ಹಿಂಜ್‌ನೊಳಗಿನ ಗ್ರೀಸ್ ಒಣಗುತ್ತದೆ, ನಮ್ಮ ಎರಿ ಮಣ್ಣಿನ ಧೂಳು ಅದರೊಳಗೆ ಕೂರುತ್ತದೆ, ತಿರುಗುವುದು ಬಿಗಿಯಾಗುತ್ತದೆ. ಕಬ್ಬಿಣ ಬಿಗಿಯಾದರೆ ಸೋಲುವುದು ಪ್ಲಾಸ್ಟಿಕ್. ಒಂದು ದಿನ 'ಕಟ್' ಅನ್ನುತ್ತದೆ. ಮೂಲೆಯಲ್ಲಿ ಅಂಚು ಬಾಯಿ ಬಿಡುತ್ತದೆ. ಅದರ ಮೇಲೆ ನೀವು ಟೇಪ್ ಸುತ್ತುತ್ತೀರಿ, ಇಲ್ಲವೇ ಫೆವಿಕ್ವಿಕ್ ಹಾಕುತ್ತೀರಿ. ಫೆವಿಕ್ವಿಕ್ ಹರಿದು ಹಿಂಜ್‌ನ ಒಳಗೇ ಇಳಿದರೆ ಮುಚ್ಚಳ ಮುಂದೆ ತಿರುಗುವುದೇ ಇಲ್ಲ. ಒತ್ತಾಯ ಮಾಡಿದರೆ ಈ ಸಲ ಒಡೆಯುವುದು ಪರದೆ.

ಮಾಡಬೇಕಾದ್ದು ಇಷ್ಟೇ. ಮುಚ್ಚಳವನ್ನು ನಡು ಅಂಚಿನಲ್ಲಿ, ಕ್ಯಾಮೆರಾ ಇರುವ ಕಡೆ ಹಿಡಿದು ಎತ್ತಿ, ಇನ್ನೊಂದು ಕೈ ಅಡಿಯನ್ನು ಹಿಡಿದಿರಲಿ. ಮುಚ್ಚಳ ಹಿಡಿದು ಯಂತ್ರವನ್ನು ಎತ್ತಿಕೊಂಡು ಹೋಗಬೇಡಿ. ಹೊಸದರಂತೆ ಹಗುರವಾಗಿ ತೆರೆಯದೆ ಬಿಗಿ ಅನಿಸಿದ ದಿನವೇ, 'ಕಟ್' ಅನ್ನುವ ಮೊದಲೇ ತೋರಿಸಿ. ನಟ್ ಸಡಿಲಿಸಿ ಒಂದು ಹನಿ ಎಣ್ಣೆ ಬಿಟ್ಟರೆ ಮುಗಿಯುವ ಕೆಲಸ ಅದು. ಮುರಿದ ಮೇಲೆ ಬಂದರೆ ಮೇಲಿನ ಪೂರಾ ಡಬ್ಬಿಯನ್ನೇ ಬದಲಿಸಬೇಕಾಗುತ್ತದೆ, ಹಳೆಯ ಮಾಡೆಲ್ ಆದರೆ ಆ ಡಬ್ಬಿ ಸಿಗುವುದೂ ಇಲ್ಲ.

ಮುಚ್ಚುವ ಮೊದಲು ಕೀಬೋರ್ಡಿನ ಮೇಲೆ ಕೈ ಸವರಿ ನೋಡಿ. ಪೆನ್ನು, ಇಯರ್‌ಫೋನ್, ಪೆನ್‌ಡ್ರೈವ್ ಮೇಲೆ ಇದ್ದಾಗಲೇ ಮುಚ್ಚಿದ್ದರಿಂದ ಹೋದ ಪರದೆ ಬಹಳ. ಪರದೆಗೂ ಕೀಲಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ಕ್ಯಾಮೆರಾ ಮೇಲೆ ಹಚ್ಚುವ ಪ್ಲಾಸ್ಟಿಕ್ ಮುಚ್ಚಳದಿಂದ ಪರದೆ ಸೀಳಿದ್ದಕ್ಕೆ 2020ರಲ್ಲಿ ಆಪಲ್ ಕಂಪನಿಯೇ ತನ್ನ ಗಿರಾಕಿಗಳಿಗೆ ಎಚ್ಚರಿಕೆ ಕೊಡಬೇಕಾಯಿತು: 0.1 ಮಿಲಿಮೀಟರಿಗಿಂತ ದಪ್ಪದ ಏನನ್ನೂ ಅಲ್ಲಿಟ್ಟು ಮುಚ್ಚಬೇಡಿ ಅಂತ. ಇದೇ ಕಾರಣಕ್ಕೆ ಕೀಬೋರ್ಡಿಗೆ ಹೊದಿಸುವ ಸಿಲಿಕಾನ್ ಹಾಳೆಯೂ ನನಗೆ ಸೇರದು. ನಾನೇ ಅದನ್ನು ಮಾರುತ್ತೇನೆ, ಆದರೂ ಹೇಳುತ್ತೇನೆ: ಯಂತ್ರ ಬಳಸುವಾಗ ಹಾಕಿ, ಮುಚ್ಚುವಾಗ ತೆಗೆದಿಡಿ. ನುಡಿ ಟೈಪಿಂಗ್ ಕಲಿಯಲು ಹಚ್ಚಿದ ಕನ್ನಡ ಅಕ್ಷರದ ಸ್ಟಿಕ್ಕರ್‌ಗಳೂ ಬೇಸಿಗೆಗೆ ಜಾರುತ್ತವೆ. ಅಕ್ಷರ ಬಾಯಿಪಾಠ ಆದ ಮೇಲೆ ಕಿತ್ತುಹಾಕಿ, ಅಂಟು ಒರೆಸಿ.

ಧೂಳು ಮತ್ತು ಬಿಸಿ ನಮ್ಮ ಜಿಲ್ಲೆಗೆ ಹುಟ್ಟಿದಾಗಿನಿಂದ ಇರುವ ಎರಡು ವಸ್ತು. ಹೆಚ್ಚಿನ ಕಂಪನಿಗಳ ಕೈಪಿಡಿ ತೆಗೆದು ನೋಡಿ: ಯಂತ್ರ ಬಳಸುವ ಜಾಗದ ಬಿಸಿ 35 ಡಿಗ್ರಿ ಮೀರಬಾರದು ಅಂತಿರುತ್ತದೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ದಾಟುತ್ತದೆ, ತಗಡಿನ ಮನೆಯೊಳಗೆ ಇನ್ನೂ ಹೆಚ್ಚು. ಕೈಪಿಡಿ ಬರೆದವರು ಬಾಗೇವಾಡಿಯ ಮಧ್ಯಾಹ್ನ ನೋಡಿರಲಿಕ್ಕಿಲ್ಲ. ಬೇಸಿಗೆಯಲ್ಲಿ ಮುಂಜಾನೆ ಇಲ್ಲವೇ ರಾತ್ರಿ ಬಳಸಿ. ನಡುಹಗಲು ಬಳಸಲೇಬೇಕಾದರೆ ನೆಲದ ಮೇಲೆ, ಕಲ್ಲುಹಾಸಿನ ಮೇಲೆ ಮಣೆ ಇಟ್ಟು ಬಳಸಿ. ಹಾಸಿಗೆ ಬೇಡ, ಕೌದಿಯಂತೂ ಬೇಡವೇ ಬೇಡ. ಯಂತ್ರದ ಅಡಿಯಲ್ಲಿರುವ ಸಣ್ಣ ಕಿಂಡಿಗಳಿಂದ ಅದು ಗಾಳಿ ಎಳೆದುಕೊಳ್ಳುತ್ತದೆ. ಕೌದಿಯ ಮೇಲಿಟ್ಟರೆ ಆ ಕಿಂಡಿ ಮುಚ್ಚಿಹೋಗುತ್ತದೆ, ಕೌದಿಯ ನೂಲೂ ಒಳಗೆ ಹೋಗುತ್ತದೆ. ಯಂತ್ರ ಮಂದವಾಯಿತು, ವೈರಸ್ ಬಂದಿದೆ ಅಂತ ತರುತ್ತೀರಿ. ಬಿಚ್ಚಿದರೆ ವೈರಸ್ ಇರುವುದಿಲ್ಲ, ಫ್ಯಾನಿನ ಮುಂದಿನ ತಾಮ್ರದ ಜಾಳಿಗೆಯ ಮೇಲೆ ಧೂಳು ನೂಲು ಸೇರಿ ಕಂಬಳಿಯಂತೆ ಕೂತಿರುತ್ತದೆ. ಬಿಸಿ ಹೊರಗೆ ಹೋಗಲು ದಾರಿ ಇಲ್ಲದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಹಿಟ್ಟಿನ ಗಿರಣಿ ಪಕ್ಕದ ಮನೆಯವರ ಯಂತ್ರದಲ್ಲಿ ಆ ಪದರ ಬೆಳ್ಳಗಿರುತ್ತದೆ, ಕೆರೆದು ತೆಗೆಯಬೇಕು.

ಜೋಳದ ರಾಶಿ ನಡೆಯುವ ದಿನಗಳಲ್ಲಿ ಹೊಲದ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆಯಬೇಡಿ. ಮಷಿನ್ನಿನಿಂದ ಹಾರುವ ಹೊಟ್ಟು ಮೈಗೇ ಕಡಿತ ತರುತ್ತದೆ, ಫ್ಯಾನಿಗೆ ತರದೆ ಇರುತ್ತದೆಯೇ? ವರ್ಷಕ್ಕೊಮ್ಮೆ, ರಾಶಿ ಮುಗಿದ ಮೇಲೆ, ಬಿಚ್ಚಿಸಿ ಧೂಳು ತೆಗೆಸಿ. ಮನೆಯಲ್ಲಿ ನೀವೇ ಬೈಕ್ ಗ್ಯಾರೇಜಿನ ಗಾಳಿ ಪಂಪಿನಿಂದ ಊದಿಸಬೇಡಿ. ಆ ರಭಸಕ್ಕೆ ಫ್ಯಾನ್ ತನ್ನ ಶಕ್ತಿ ಮೀರಿ ತಿರುಗಿ ಹಾಳಾಗುತ್ತದೆ, ಪಂಪಿನೊಳಗಿನ ನೀರಿನ ಹನಿಯೂ ಜೊತೆಗೆ ಬರುತ್ತದೆ. ಪರದೆ ಒರೆಸಲು ಕನ್ನಡಕದ ಮೆತ್ತನೆ ಬಟ್ಟೆ ಸಾಕು, ಬಹಳ ಕೊಳೆ ಇದ್ದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಗಟ್ಟಿ ಹಿಂಡಿ. ಕಿಟಕಿ ಗಾಜು ಒರೆಸುವ ನೀಲಿ ನೀರನ್ನು ನೇರ ಪರದೆಗೆ ಸಿಂಪಡಿಸಿದರೆ ಅದು ಕೆಳ ಅಂಚಿಗೆ ಇಳಿದು ಒಳಗೆ ಹೋಗುತ್ತದೆ.

ಹಳ್ಳಿಯ ಧೂಳನ್ನು ಎದುರಿಟ್ಟುಕೊಂಡು ಲ್ಯಾಪ್‌ಟಾಪ್ ಮಾಡಿದವರೂ ಇದ್ದರು. ಅಮೆರಿಕದ ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ ಬಡ ದೇಶದ ಮಕ್ಕಳಿಗಾಗಿ ಮಾಡಿಸಿದ ಹಸಿರು-ಬಿಳಿ ಎಕ್ಸ್‌ಒ ಯಂತ್ರ 2007ರಲ್ಲಿ ಬಂತು. ಅದರ ಕೀಬೋರ್ಡ್ ಒಂದೇ ರಬ್ಬರ್ ಹಾಳೆ, ಸಂದಿಯೇ ಇಲ್ಲ. ಫ್ಯಾನ್ ಇಲ್ಲ, ತಿರುಗುವ ಡಿಸ್ಕ್ ಇಲ್ಲ. ಮುಚ್ಚಿದಾಗ ಎರಡು ಕಿವಿಗಳು ಮಡಚಿ ತಂತಿ ಚುಚ್ಚುವ ಕಿಂಡಿಗಳನ್ನು ಮುಚ್ಚುತ್ತಿದ್ದವು. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಖೈರಾತ್ ಎಂಬ ಹಳ್ಳಿಯ ಶಾಲೆಯಲ್ಲೂ ಅದನ್ನು ಕೊಟ್ಟು ನೋಡಿದರು. ಆ ಯೋಜನೆ ನಮ್ಮ ದೇಶದಲ್ಲಿ ಬೇರೂರಲಿಲ್ಲ. ನಮಗೆ ಸಿಕ್ಕಿರುವುದು ಏಸಿ ಆಫೀಸಿಗೆಂದು ಮಾಡಿದ ಯಂತ್ರ, ಬಳಸುತ್ತಿರುವುದು ಎರಿ ಭೂಮಿಯಲ್ಲಿ. ಆದ್ದರಿಂದ ಕಂಪನಿ ಮಾಡದೆ ಬಿಟ್ಟ ಕಾಳಜಿಯನ್ನು ನಾವೇ ಮಾಡಬೇಕು.

ಇನ್ನು ತಿಜೋರಿ. ಇದು ಅವ್ವಂದಿರ ಪ್ರೀತಿಯಿಂದ ಆಗುವ ಅನಾಹುತ. ಲ್ಯಾಪ್‌ಟಾಪ್ ಬೆಲೆಯ ವಸ್ತು, ಸಣ್ಣ ಹುಡುಗರು ಮುಟ್ಟಬಾರದು ಅಂತ ಹೊಸ ಸೀರೆಯ ಪದರದಲ್ಲಿ ಸುತ್ತಿ, ಬಂಗಾರದ ಜೊತೆ ಕೀಲಿ ಹಾಕಿ ಇಡುತ್ತಾರೆ. ಪರೀಕ್ಷೆಗೆ ಆರು ತಿಂಗಳ ಮೇಲೆ ತೆಗೆಯುತ್ತಾರೆ. ಲಿಥಿಯಂ ಬ್ಯಾಟರಿ ಸುಮ್ಮನಿಟ್ಟರೂ ನಿಧಾನವಾಗಿ ಇಳಿಯುತ್ತದೆ. ಪೂರ್ತಿ ಸೊನ್ನೆಗಿಳಿದು ಹಾಗೇ ಕೂತರೆ ಅದು ಮತ್ತೆ ಚಾರ್ಜ್ ತಗೊಳ್ಳದೆ ಹೋಗಬಹುದು. ಪೂರ್ತಿ ತುಂಬಿಸಿ, ಬಿಸಿಲು ಬಡಿಯುವ ಗೋಡೆಯ ಕಬ್ಬಿಣದ ತಿಜೋರಿಯಲ್ಲಿ ಇಟ್ಟರೂ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ. ದಿನ ಬಿಟ್ಟು ದಿನವಾದರೂ ಬಳಸಿ. ರಜೆಗೆ ಇಡಲೇಬೇಕಾದರೆ ಅರ್ಧ ಚಾರ್ಜ್ ಮಾಡಿ, ಬಂದ್ ಮಾಡಿ, ತಂಪು ಮೂಲೆಯಲ್ಲಿ ಇಡಿ, ತಿಂಗಳಿಗೊಮ್ಮೆ ತೆಗೆದು ನೋಡಿ. ದಿನಾ ಚಾರ್ಜರ್ ಹಚ್ಚಿಯೇ ಕೂರುವವರು ಶೇಕಡ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ತಮ್ಮ ಯಂತ್ರದಲ್ಲಿ ಇದೆಯೇ ನೋಡಿಕೊಳ್ಳಿ, ಈಗಿನ ಬಹಳಷ್ಟರಲ್ಲಿ ಇರುತ್ತದೆ.

ಒಂದು ಗುರುತು ಮಾತ್ರ ನೆನಪಿಡಿ. ಟೇಬಲ್ ಮೇಲೆ ಇಟ್ಟಾಗ ಯಂತ್ರ ಸಮ ಕೂರದೆ ಓಲಾಡಿದರೆ, ಬೆರಳಾಡಿಸುವ ಟಚ್‌ಪ್ಯಾಡ್ ಮೇಲೆ ಉಬ್ಬಿ ಬಂದಿದ್ದರೆ, ಒಳಗೆ ಬ್ಯಾಟರಿ ಊದಿಕೊಂಡಿದೆ. ಆ ಕ್ಷಣದಿಂದ ಚಾರ್ಜ್ ಮಾಡಬೇಡಿ. ಒತ್ತಿ ಸಮ ಮಾಡಬೇಡಿ, ಸೂಜಿಯಿಂದ ಗಾಳಿ ಬಿಡುವ ಯೋಚನೆ ಬೇಡ. ಚುಚ್ಚಿದರೆ ಬೆಂಕಿ ಹತ್ತುತ್ತದೆ. ತಂದು ತೆಗೆಸಿಬಿಡಿ, ಬಹಳ ಯಂತ್ರಗಳು ಬ್ಯಾಟರಿ ಇಲ್ಲದೆ ಚಾರ್ಜರ್ ಮೇಲೆಯೇ ನಡೆಯುತ್ತವೆ, ಹೊಸ ಬ್ಯಾಟರಿ ಕೊಳ್ಳುವವರೆಗೆ ಹಾಗೇ ದೂಡಬಹುದು.

ಕರೆಂಟಿನ ಬಗ್ಗೆ ಹೆದರುವಷ್ಟು ಇಲ್ಲ. ಚಾರ್ಜರ್ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ, 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ರಾತ್ರಿ ಬಲ್ಬು ಮಂಕಾದರೂ ಅದಕ್ಕೆ ನಡೆಯುತ್ತದೆ. ಹಾಳು ಮಾಡುವುದು ಸಡಿಲ ಸಾಕೆಟ್ಟು, ಕಿಡಿ ಹಾರುವ ಬೋರ್ಡು, ಮತ್ತು ಸಿಡಿಲು. ಮಳೆ ಗುಡುಗು ಶುರುವಾದರೆ ಚಾರ್ಜರ್ ಕೀಳಿ. ಮೂರು ಕಾಲಿನ ಪ್ಲಗ್ಗು ಎರಡು ತೂತಿನ ಬೋರ್ಡಿಗೆ ಹೋಗುವುದಿಲ್ಲ ಅಂತ ಮೇಲಿನ ದಪ್ಪ ಕಾಲನ್ನು ಇಕ್ಕಳದಿಂದ ಮುರಿಯುತ್ತೀರಿ. ಆಮೇಲೆ ಯಂತ್ರದ ಲೋಹದ ಮೈ ಮುಟ್ಟಿದರೆ 'ಜುಮ್' ಅನ್ನುತ್ತದೆ ಅಂತ ದೂರುತ್ತೀರಿ. ಅದು ಅರ್ಥಿಂಗ್ ಇಲ್ಲದ್ದರ ಗುರುತು. ಕಾಲು ಮುರಿಯುವ ಬದಲು ಬೋರ್ಡ್ ಬದಲಿಸಿ, ಅರ್ಥಿಂಗ್ ಹಾಕಿಸಿ. ಚಾರ್ಜರ್ ವೈರನ್ನು ಡಬ್ಬಿಗೆ ಬಿಗಿಯಾಗಿ ಸುತ್ತಬೇಡಿ, ಕೊರಳಲ್ಲಿ ಮಡಚಿ ಮಡಚಿ ಒಳಗಿನ ತಂತಿ ಕಡಿಯುತ್ತದೆ. ಕೈಯಗಲದ ಸಡಿಲ ಸುರುಳಿ ಸಾಕು. ಬೇರೆ ಚಾರ್ಜರ್ ಕೊಳ್ಳುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು, ವ್ಯಾಟ್ ಅಷ್ಟೇ ಅಥವಾ ಹೆಚ್ಚಿರಬೇಕು. ಪಿನ್ ಕೂತಿತು ಅನ್ನುವುದೊಂದೇ ಸಾಲದು.

ವಾರಂಟಿ ಇದ್ದರೆ ನನ್ನ ಹತ್ತಿರ ಬರಬೇಡಿ. ಬಿಲ್ಲು, ವಾರಂಟಿ ಚೀಟಿ, ಸೀರಿಯಲ್ ನಂಬರ್ ಮೂರನ್ನೂ ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ, ಕಂಪನಿಯ ಸರ್ವಿಸ್‌ಗೇ ಮೊದಲು ಹೋಗಿ. ಹೊರಗಿನ ಅಂಗಡಿಯಲ್ಲಿ ಒಮ್ಮೆ ಬಿಚ್ಚಿಸಿದರೆ ಅವರು ಅದನ್ನೇ ನೆಪ ಮಾಡುತ್ತಾರೆ. ಆದರೆ ಒಡೆದ ಪರದೆ, ಚೆಲ್ಲಿದ ನೀರು ಸಾಮಾನ್ಯ ವಾರಂಟಿಗೆ ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ಪ್ರಾಜೆಕ್ಟ್ ವರ್ಕ್, ಅಂಕಪಟ್ಟಿ, ಸ್ಕಾಲರ್‌ಶಿಪ್ ಕಾಗದಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲೂ ಇರಲಿ. ಯಂತ್ರವನ್ನು ನಾವು ಹೇಗೋ ಎಬ್ಬಿಸುತ್ತೇವೆ, ಹೋದ ಫೈಲನ್ನು ಪ್ರತಿ ಸಲ ಎಬ್ಬಿಸಲಾಗುವುದಿಲ್ಲ.

ಕೊನೆಗೆ ಒಂದು ಮಾತು, ಇದು ನಿಮಗಿಂತ ಮನೆಯ ಹಿರಿಯರಿಗೆ ಓದಿ ಹೇಳಬೇಕಾದ್ದು. ಖಂಡೇ ಪೂಜೆಯ ಮರುದಿನ ಅಂಗಡಿಗೆ ಬರುವ ಲ್ಯಾಪ್‌ಟಾಪ್‌ಗಳ ಕೀಬೋರ್ಡಿನಲ್ಲಿ ಕುಂಕುಮ ಇರುತ್ತದೆ, ಅರಿಶಿನ ಇರುತ್ತದೆ, ಕಿಂಡಿಯಲ್ಲಿ ವಿಭೂತಿ, ಪರದೆಯ ಅಂಚಿನಲ್ಲಿ ಕಾಯಿ ಒಡೆದ ನೀರು. ಕುಂಕುಮದ ಪುಡಿ ಸಣ್ಣದು, ಒಮ್ಮೆ ಕೀಲಿಯ ಕೆಳಗೆ ಇಳಿದರೆ ಪೂರಾ ಕೀಬೋರ್ಡ್ ಬಿಚ್ಚದೆ ಬರುವುದಿಲ್ಲ. ಪೂಜೆ ಬೇಡ ಅನ್ನುವವನಲ್ಲ ನಾನು, ನನ್ನ ಸ್ಕ್ರೂಡ್ರೈವರ್‌ಗಳಿಗೆ ನಾನೂ ಮಾಡುತ್ತೇನೆ. ಈ ಸಲ ಲ್ಯಾಪ್‌ಟಾಪನ್ನು ಬಂದ್ ಮಾಡಿ, ಮುಚ್ಚಳ ಹಾಕಿ, ಬ್ಯಾಗಿನೊಳಗೆ ಇಟ್ಟು ಜಿಪ್ ಎಳೆಯಿರಿ. ಅರಿಶಿನ ಕುಂಕುಮವನ್ನು ಬ್ಯಾಗಿಗೆ ಹಚ್ಚಿ, ಹೂವನ್ನು ಬ್ಯಾಗಿನ ಮೇಲೆ ಏರಿಸಿ, ಕಾಯಿಯನ್ನು ದೂರದಲ್ಲಿ ಒಡೆಯಿರಿ.

ಇಂತಿ ನಿಮ್ಮ,
ಬಾಗೇವಾಡಿಯ ಒಬ್ಬ ರಿಪೇರಿಯವ